ಅಮೆರಿಕದ ಮಲ್ಲಣ್ಣ ತೀರಿಕೊಂಡಾಗ

ಕೆಲವರ ಗಂಟಲಿನಲ್ಲೇ ಒಂದು ಗಾಂಭೀರ್ಯ ಇರುತ್ತದೆ. ಅವರು "ಒಂದು ಚಹಾ ಹೇಳ್ರಿ" ಎಂದರೂ ಏನೋ ದೊಡ್ಡ ತೀರ್ಮಾನ ಹೊರಬಿದ್ದಂತೆ ಸುತ್ತಲಿನವರು ಸುಮ್ಮನಾಗುತ್ತಾರೆ. ನನ್ನದು ಅದಕ್ಕೆ ತದ್ವಿರುದ್ಧ. ನಾನು ಬಾಯಿ ತೆರೆದರೆ ಸಾಕು, ಎದುರಿಗಿದ್ದವರು ನಗಲು ತಯಾರಾಗಿ ತುಟಿ ಅಗಲಿಸಿಕೊಂಡು ಕೂರುತ್ತಾರೆ. ಶಹಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದ ನಾನು "ನಿಮ್ಮ ಅರ್ಜಿ ವಾಪಸ್ ಬಂದಾದ" ಎಂದು ಎಷ್ಟೇ ಕನಿಕರದಿಂದ ಹೇಳಿದರೂ ಅರ್ಜಿದಾರ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಕ್ಕು ಮುಗಿದ ಮೇಲೆ ಅರ್ಜಿ ನಿಜವಾಗಿಯೂ ವಾಪಸ್ ಬಂದಿದೆ ಎಂದು ತಿಳಿದಾಗ ಅವನಿಗೆ ಬರುವ ಸಿಟ್ಟು ಎರಡು ಪಟ್ಟು.

ಇದಕ್ಕೆಲ್ಲ ಕಾರಣ ಅಮೆರಿಕದ ಒಬ್ಬ ಹಾಸ್ಯನಟ. ಅವನ ನಿಜವಾದ ಹೆಸರು ನನ್ನ ನಾಲಿಗೆಗೆ ಇಂದಿಗೂ ಹೊರಳುವುದಿಲ್ಲ, ಅದಕ್ಕೇ ಮಲ್ಲಣ್ಣ ಎಂದು ಕರೆದೆ. ಹನ್ನೊಂದು ವರ್ಷದ ಹಿಂದೆ, ಸೂಟು ಬೂಟು ಹಾಕಿದ ಆ ದಪ್ಪನೆಯ ಮನುಷ್ಯ ಹೋಟೆಲಿನಲ್ಲಿ ಮಾಣಿಯ ಜೊತೆ ಜಗಳ ಆಡುವ ಒಂದು ಸಿನಿಮಾ ದೃಶ್ಯಕ್ಕೆ ನನ್ನ ದನಿಯಲ್ಲಿ ನಮ್ಮ ಕಡೆಯ ಮಾತು ಕೂಡಿಸಿದೆ. "ಏನಪಾ, ರೊಟ್ಟಿ ಕೇಳಿದ್ರ ಇದೇನ್ ಹತ್ತಿ ಉಂಡಿ ತಂದಿಟ್ಟೀ?" ಎಂದು ಮಲ್ಲಣ್ಣ ಗದರಿದ. ಸುಮ್ಮನೆ ಒಂದು ತಮಾಷೆ. ಆದರೆ ನನ್ನ ಪಕ್ಕದ ಮೇಜಿನ ಖಾಜಾಸಾಬ್ ಅದನ್ನು ಕಚೇರಿಯ ಗ್ರೂಪಿಗೆ ಹಾಕಿಬಿಟ್ಟ. ಮರುದಿನ ಸಂಜೆಗೆ ಅದು ಯಾದಗಿರಿ ದಾಟಿತ್ತು. ಆಮೇಲೆ ನಾನು ಬಿಡಲಿಲ್ಲ, ಜನ ನನ್ನನ್ನು ಬಿಡಲಿಲ್ಲ.

ಮಾತು ಕೂಡಿಸಬೇಕೆಂದರೆ ಅವನ ತುಟಿಯನ್ನೇ ನೋಡುತ್ತ ಕೂರಬೇಕು. ಹಾಗೆ ಕೂತೂ ಕೂತೂ ಅವನ ಮೇಲೆ ಒಂಥರ ಅಣ್ಣನ ಮಮತೆ ಬೆಳೆಯಿತು. ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಟುಕನ ಮಗ. ಶಾಲೆಯಲ್ಲಿ ದಪ್ಪಗಿದ್ದಾನೆಂದು ಹೊಡೆಯುತ್ತಿದ್ದರಂತೆ. ಒಮ್ಮೆ ಜಾರಿ ಬಿದ್ದಾಗ ಹೊಡೆಯುವವರು ನಕ್ಕು ಬಿಟ್ಟುಬಿಟ್ಟರಂತೆ. ಅಂದಿನಿಂದ ಬೀಳುವುದನ್ನೇ ಕಸುಬು ಮಾಡಿಕೊಂಡ. ನಲವತ್ತು ವರ್ಷ ಬಿದ್ದ. ಮಂಡಿ ಹೋಯಿತು, ಸೊಂಟ ಹೋಯಿತು, ಮೂವರು ಹೆಂಡಿರೂ ಹೋದರು. ನಡುವೆ ಒಂದೇ ಒಂದು ಸಲ, ಮಗನನ್ನು ಕಳೆದುಕೊಂಡ ತಂದೆಯ ಪಾತ್ರ ಮಾಡಿದ. ಪರದೆಯ ಮೇಲೆ ಅವನು ಅಳಲು ಶುರುಮಾಡಿದೊಡನೆ ಥಿಯೇಟರಿನಲ್ಲಿ ಜನ ಬಿದ್ದು ಬಿದ್ದು ನಕ್ಕರಂತೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವನು ಕತ್ತಲಲ್ಲೇ ಎದ್ದು ಹೋದನಂತೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ನೀಲಮ್ಮ, "ಅಂವ ಯಾವ ದೇಶ, ನೀವ್ ಯಾವ ದೇಶ? ಪಲ್ಯಾ ಆರಾಕತ್ತದ, ಉಣ್ರಿ ಮೊದಲ" ಎಂದಳು.

ಹೋದ ವರ್ಷ ಆ ಮಲ್ಲಣ್ಣ ಸತ್ತ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಖಾಜಾಸಾಬನ ಫೋನು ಬಂತು. "ಸರ್, ನಮ್ಮ ಮಲ್ಲಣ್ಣ ಹೋಗ್ಯಾನಂತ್ರೀ. ಖರೇ ಸುದ್ದಿರಿ." ನಾನು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟೆ. ನೀಲಮ್ಮ ಓಡಿಬಂದು ಯಾರು ಏನು ಎಂದು ವಿಚಾರಿಸಿದಳು. ವಿಷಯ ತಿಳಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಭುಜ ಕುಲುಕುವ ರೀತಿ ನೋಡಿದರೆ, ನಗು ತಡೆಯುತ್ತಿದ್ದಳು. "ನಿಮ್ಮ ಮಾರಿ ನೋಡಿ ಬಂತ್ರೀ, ಸಿಟ್ಟಾಗಬ್ಯಾಡ್ರಿ" ಎಂದಳು, ಪೇಸ್ಟಿನ ನೊರೆ ಗದ್ದದವರೆಗೆ ಇಳಿದಿತ್ತಂತೆ.

ಅಂದು ಕಚೇರಿಗೆ ರಜೆ ಹಾಕಿದೆ. ಕಾರಣ 'ಆಪ್ತರ ನಿಧನ' ಎಂದು ಬರೆದೆ. ಮಾಳಿಗೆ ಹತ್ತಿ, ಬಿಳಿ ಅಂಗಿ ತೊಟ್ಟು, ಗೋಡೆಗೆ ಫೋನು ಒರಗಿಸಿ ಮಾತಾಡಿದೆ. ಒಂದು ತಮಾಷೆ ಇಲ್ಲ, ಒಂದು ಅಣಕ ಇಲ್ಲ. ನಮ್ಮನ್ನು ಇಷ್ಟು ವರ್ಷ ನಗಿಸಿದವನ ಬದುಕು ಹೀಗಿತ್ತು ನೋಡ್ರಿ ಎಂದು ಎಲ್ಲವನ್ನೂ ಹೇಳಿದೆ. ಥಿಯೇಟರಿನಿಂದ ಎದ್ದುಹೋದ ಕಥೆಗೆ ಬಂದಾಗ ಅತ್ತೇಬಿಟ್ಟೆ. ನಟನೆಯಲ್ಲ, ದೇವರಾಣೆ ಅಳು. ಆರು ನಿಮಿಷ ಆಯಿತು. ಒಂದು ಅಕ್ಷರ ತಿದ್ದದೆ ಹರಿಬಿಟ್ಟೆ.

ಮಧ್ಯಾಹ್ನ ದೇವಾಪುರದಿಂದ ನೀಲಮ್ಮನ ತಮ್ಮ ಫೋನು ಮಾಡಿದ. "ಮಾವಾ, ಇಂಥಾದ್ದು ಇಲ್ಲಿತನಕಾ ಮಾಡಿದ್ದಿಲ್ಲ ಬಿಡು! ಮನಿ ಮಂದಿ ಎಲ್ಲಾ ನಕ್ಕು ಸಾಯಾಕತ್ತೀವಿ."

"ಅದು ತಮಾಷೆ ಅಲ್ಲೋ. ನಾ ಖರೇನ ಅತ್ತೇನಿ."

"ಅದಽ ಮಾವಾ, ಆ ಅಳೂದೈತಲ್ಲ..." ಮುಂದಿನ ಮಾತು ನಗುವಿನಲ್ಲಿ ಮುಳುಗಿತು.

ನಾನು ಅದುವರೆಗಿನ ಹತ್ತು ವರ್ಷದಲ್ಲಿ ಮಾಡಿದ ಯಾವ ವಿಡಿಯೋವನ್ನೂ ಅಷ್ಟು ಜನ ನೋಡಿರಲಿಲ್ಲ. 'ಇದು ಹಾಸ್ಯವಲ್ಲ' ಎಂದು ಕೆಳಗೆ ಬರೆದೆ. ಅದಕ್ಕೂ ನಗುವ ಮುಖಗಳೇ ಬಂದವು. ಆಮೇಲೆ ಬರೆಯುವುದನ್ನು ನಿಲ್ಲಿಸಿದೆ.

ಅದಾದ ತಿಂಗಳಿಗೆ ಸುರಪುರದಲ್ಲಿ ನನ್ನ ಮೇಷ್ಟ್ರು ತೀರಿಕೊಂಡರು. ಉಗ್ಗುತ್ತಿದ್ದ ನನ್ನನ್ನು ದಿನವೂ ಶಾಲೆ ಬಿಟ್ಟ ಮೇಲೆ ನಿಲ್ಲಿಸಿ, ಗಟ್ಟಿಯಾಗಿ ಪದ್ಯ ಓದಿಸಿ, ಮಾತು ಬರುವಂತೆ ಮಾಡಿದವರು. ನನ್ನ ಬಾಯಿಂದ ಹೊರಡುವ ಪ್ರತಿ ಮಾತೂ ಅವರದು. ಶ್ರದ್ಧಾಂಜಲಿ ಸಭೆಗೆ ಎರಡು ಹಾಳೆ ಬರೆದಿಟ್ಟುಕೊಂಡೆ. ಹೊರಡುವ ಹೊತ್ತಿಗೆ ಅವರ ಮಗನ ಫೋನು ಬಂತು.

"ಬಸಣ್ಣ, ನೀವು ಬರ್ಲೇಬೇಕ್ರಿ. ಅಪ್ಪಾರಿಗೆ ನಿಮ್ಮ ಮ್ಯಾಲ ಭಾಳ ಜೀವ ಇತ್ತು. ಆದ್ರ..."

"ಹೇಳ್ರಿ."

"ಮಾತಾಡಬ್ಯಾಡ್ರಿ. ಅವ್ವ ಭಾಳ ದುಃಖದಾಗ ಅದಾಳ. ಸಭಾದಾಗ ಮಂದಿ ನಕ್ಕ್ರ ತಡ್ಕೊಳ್ಳಾಂಗಿಲ್ಲ. ತಪ್ಪ್ ತಿಳ್ಕೋಬ್ಯಾಡ್ರಿ."

ತಪ್ಪು ತಿಳಿದುಕೊಳ್ಳಲು ಅದರಲ್ಲೇನಿತ್ತು? ಅವರು ಹೇಳಿದ್ದು ಸರಿಯೇ ಇತ್ತು. ಹಾಳೆಗಳನ್ನು ಕಿಸೆಯಲ್ಲೇ ಇಟ್ಟುಕೊಂಡು ಹೋದೆ, ಕೊನೆಯ ಸಾಲಿನಲ್ಲಿ ಕೂತೆ. ಮೇಷ್ಟ್ರನ್ನು ಎರಡು ಸಲವೂ ನೋಡಿರದ ಒಬ್ಬರು ಅವರ ಗುಣಗಾನವನ್ನು ಅರ್ಧ ತಾಸು ಮಾಡಿದರು. ಕಡೆಗೆ ಒಂದು ನಿಮಿಷ ಮೌನ. ಎಲ್ಲರೂ ಎದ್ದು ನಿಂತರು. ನಾನೂ ತಲೆ ತಗ್ಗಿಸಿ ನಿಂತೆ. ಪಕ್ಕದಲ್ಲಿದ್ದವನೊಬ್ಬ ನನ್ನ ಕಡೆ ತಿರುಗಿದ್ದು ಅರಿವಿಗೆ ಬಂತು. ಅವನು ಇನ್ನೊಬ್ಬನಿಗೆ ಮೊಣಕೈ ತಿವಿದ. ಒಂದು 'ಕಿಸಕ್' ಕೇಳಿಸಿತು. ಅದರ ಹಿಂದೆ ಇನ್ನೊಂದು. ನಾನು ತುಟಿ ಬಿಚ್ಚಿರಲಿಲ್ಲ, ಕೈಕಾಲು ಅಲುಗಿಸಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಮನೆಯ ಅಮ್ಮನವರು ತಿರುಗಿ ನೋಡುವ ಮೊದಲೇ ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದೆ.

ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಆಸನದ ಮೇಲೆ ಕೂತು, ಹರಿಬಿಟ್ಟಾಗಿನಿಂದ ಒಮ್ಮೆಯೂ ನೋಡಿರದ ಆ ಆರು ನಿಮಿಷವನ್ನು ತೆರೆದೆ. ಜನ ಎಲ್ಲಿ, ಯಾಕೆ ನಗುತ್ತಾರೆ ಎಂದು ತಿಳಿಯಲೇಬೇಕಿತ್ತು. ನಾಲ್ಕನೇ ನಿಮಿಷದಲ್ಲಿ ಅಳು ಬಂತು. ಕೆಳತುಟಿ ಬಲಕ್ಕೆ ವಾಲಿತು, ಎಡಹುಬ್ಬು ತಾನಾಗಿ ಮೇಲೇರಿತು, ಎರಡು ಗಲ್ಲವೂ ನಡುಗಿದವು. ಅದು ನನ್ನ ಮುಖವಲ್ಲ. ಅಷ್ಟು ವರ್ಷ ಅವನ ತುಟಿಯನ್ನೇ ನೋಡಿ ನೋಡಿ, ನನಗೆ ಗೊತ್ತಿಲ್ಲದೆ ನನ್ನ ಮುಖವನ್ನು ಕಳೆದುಕೊಂಡು ಅವನದನ್ನು ಹೊತ್ತುಕೊಂಡಿದ್ದೆ. ಮಲ್ಲಣ್ಣ ನನ್ನ ಬಿಳಿ ಅಂಗಿ ತೊಟ್ಟು, ನಮ್ಮ ಮಾಳಿಗೆಯ ಮೇಲೆ ಕೂತು, ತನ್ನ ಸಾವಿಗೆ ತಾನೇ ಗೊಳೋ ಎಂದು ಅಳುತ್ತಿದ್ದ. ತಡೆಯಲಾಗಲಿಲ್ಲ. ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಂತೆ ನಕ್ಕೆ.

ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಮುದುಕರೊಬ್ಬರು ಬಗ್ಗಿ, ಕಣ್ಣು ಕಿರಿದು ಮಾಡಿ ಫೋನು ನೋಡಿದರು. ಅವರ ಹೊಟ್ಟೆಯೂ ಕುಲುಕತೊಡಗಿತು. "ಭಾಳ ಮಸ್ತ್ ಅಳ್ತಾನಲ್ರೀ! ಯಾರ್ರೀ ಇಂವ?" ಎಂದು ಕೇಳಿದರು.

"ಸತ್ತಾನ್ರೀ ಅಂವ" ಎಂದೆ.

ಮುದುಕರು ನನ್ನ ಮುಖವನ್ನೊಮ್ಮೆ ನೋಡಿದರು, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಕೂತು, ಮನಸಾರೆ ನಕ್ಕರು.