ತಂಪು ಡಬ್ಬಿ ಹೊತ್ತ ಬಸಲಿಂಗ

ಬಸಲಿಂಗ ಹಲ್ಲುಜ್ಜುತ್ತಿದ್ದಾಗ ಕರೆಂಟು ಹೋಯಿತು. ಶಹಾಪುರದಲ್ಲಿ ಕರೆಂಟು ಹೋಗುವುದೇನು ದೊಡ್ಡ ಸುದ್ದಿಯಲ್ಲ. ಆದರೆ ಅಂದು ಅವನು ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿ ಬಂದು ಫ್ರಿಜ್ಜಿನ ಬಾಗಿಲಿಗೆ ಕಿವಿ ಹಚ್ಚಿದ. ಒಳಗಿನ ಗುಂಯ್ ಎನ್ನುವ ಸದ್ದು ನಿಂತಿತ್ತು. ಹೊರಗೆ ಲೈನ್‌ಮನ್ ಯಾರಿಗೋ ಹೇಳುತ್ತಿದ್ದ: "ನಿನ್ನೇನ ಹೇಳಿ ಹೋಗಿದ್ವಲ್ರಿ, ಇವತ್ತ ಸಂಜಿಮಟ ಲೈನ್ ಬಂದ್ ಅಂತ."

ನಿನ್ನೆ ಅವನು ಹೈಸ್ಕೂಲಿನ ಆಫೀಸಿನಲ್ಲಿ ಫೈಲುಗಳ ನಡುವೆ ಮುಳುಗಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ.

ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು, ಅವನ ಹೆಂಡತಿಯ ಹಾಲು ಇಡುವ ಡಬ್ಬಿ. ತುಂಬು ಬಸುರಿ ಸರಿತಾಗೆ ಈ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿತ್ತು. ಇಂಥ ತಾಯಿಯ ಕೂಸಿಗೆ ಹುಟ್ಟಿದ ಕೂಡಲೇ ಮೈಯೊಳಗಿನ ಸಕ್ಕರೆ ಇಳಿಯಬಹುದು, ಆಗ ತಾಯಿಯ ಮೊದಲ ಹಾಲು ಕೈಗೆ ಸಿಗುವಂತಿದ್ದರೆ ದೊಡ್ಡ ಆಸರೆ ಎಂದು ಡಾಕ್ಟರಮ್ಮ ಹೇಳಿದ್ದರು. ಹಾಲನ್ನು ಕೈಯಿಂದ ಹಿಂಡಿ, ಸೂಜಿಯಿಲ್ಲದ ಸಣ್ಣ ಸಿರಿಂಜಿನಲ್ಲಿ ಹಿಡಿದು, ಐಸಿನಂತೆ ಗಟ್ಟಿ ಮಾಡಿ ಇಡುವುದನ್ನು ನರ್ಸ್ ಮಮ್ತಾಜ ಕಲಿಸಿದ್ದಳು. ಅರಿಶಿನ ಕಲಸಿದಂಥ ಬಣ್ಣದ ದಪ್ಪ ಹಾಲು. ಒಂದು ಚಮಚ ಕೂಡುವಷ್ಟರಲ್ಲಿ ಸರಿತಾಗೆ ಹಣೆಯೆಲ್ಲ ಬೆವರುತ್ತಿತ್ತು. ಆ ಒಂದೊಂದು ಹನಿಯೂ ಕೂಸಿನ ಜೀವಕ್ಕೆ ಕಾವಲು ಎಂದು ಬಸಲಿಂಗ ನಂಬಿದ್ದ.

ನಂಬದವಳು ಅವನ ತಾಯಿ ಕರೆಮ್ಮ. ಮೊದಲ ದಿನವೇ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ, "ಇದೇನೋ ಇದು, ಮೊದಲಿನ ಹಾಲು ಕೆಟ್ಟದ್ದಿರ್ತದ. ನಮ್ಮ ಕಾಲದಾಗ ಹಿಂಡಿ ಬೇವಿನ ಬುಡಕ್ಕ ಚೆಲ್ತಿದ್ವಿ" ಎಂದಿದ್ದಳು.

"ಅವ್ವಾ, ಆ ಡಬ್ಬಿ ತಂಟೆಗೆ ನೀ ಬರಬ್ಯಾಡ. ಅದನ್ನ ನಾ ನೋಡ್ಕೋತೀನಿ."

ಕರೆಮ್ಮ ಮರುಮಾತಾಡಲಿಲ್ಲ. ಅವಳು ಸುಮ್ಮನಾದಳೆಂದರೆ ಒಳಗೊಳಗೇ ಏನೋ ನಡೆಸಿದ್ದಾಳೆಂದು ಮಗನಾದವನಿಗೆ ಇಷ್ಟು ವರ್ಷದಲ್ಲಿ ತಿಳಿದಿರಬೇಕಿತ್ತು.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಸರಿತಾ ಸಿಹಿ ಬಿಟ್ಟ ದಿನ ಬಸಲಿಂಗನೂ ಬಿಟ್ಟಿದ್ದ. ಹೆರಿಗೆಯಾಗುವವರೆಗೆ ಚಹಾಕ್ಕೂ ಸಕ್ಕರೆ ಹಾಕಿಕೊಳ್ಳುವುದಿಲ್ಲವೆಂದು ಅವಳ ಕೈ ಹಿಡಿದು ಮಾತು ಕೊಟ್ಟಿದ್ದ. ನಿನ್ನೆ ಮುಂಜಾನೆ ಓಣಿಯ ಮೌನಪ್ಪನ ಎಮ್ಮೆ ಈದು, ಅವನು ಚರಿಗೆ ತುಂಬ ಗಿಣ್ಣದ ಹಾಲು ತಂದಾಗಲೂ, "ನಮ್ಮನಿಗೆ ಬ್ಯಾಡೋ ಮಾರಾಯ, ನಮ್ಮಾಕಿ ಮುಂದ ಅದರ ಹೆಸರೂ ತಗೀಬ್ಯಾಡ" ಎಂದು ಬಾಗಿಲಲ್ಲೇ ತಿರುಗಿಸಿ ಆಫೀಸಿಗೆ ಹೋಗಿದ್ದ. ದಿನವೆಲ್ಲ ಬಾಲ್ಯದ ಗಿಣ್ಣವೇ ನೆನಪಾಯಿತು. ಬೆಲ್ಲ ಕರಗಿಸಿ, ಯಾಲಕ್ಕಿ ಕುಟ್ಟಿ ಹಾಕಿ, ಒಲೆಯ ಮೇಲೆ ಹಬೆಯಲ್ಲಿ ಬೇಯಿಸಿ, ಅವ್ವ ಚೌಕವಾಗಿ ಕೊಯ್ದು ಮೊದಲ ತುಂಡನ್ನು ಅವನ ಅಂಗೈಗೆ ಇಡುತ್ತಿದ್ದಳು. ಬಿಸಿಗೆ ಕೈ ಸುಡುತ್ತಿತ್ತು, ಆದರೂ ಅವನು ಬಿಡುತ್ತಿರಲಿಲ್ಲ.

ಈಗ ಅದನ್ನೆಲ್ಲ ನೆನೆಯುತ್ತ ಕೂರುವ ಹೊತ್ತಲ್ಲ. ಸರಿತಾ ಇನ್ನೂ ಮಲಗಿದ್ದಳು, ಕರೆಮ್ಮ ನೀರಿಗೆ ಹೋಗಿದ್ದಳು. ಡಬ್ಬಿ ತೆಗೆದರೆ ತಂಪು ಹೋಗುತ್ತದೆಂದು ಮಮ್ತಾಜ ಹತ್ತು ಸಲ ಹೇಳಿದ್ದರಿಂದ ಅವನು ಮುಚ್ಚಳ ಮುಟ್ಟಲಿಲ್ಲ. ಹಸಿ ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಹೊರಬಿದ್ದ. ಚಾರ್ಜಿಗೆ ಹಾಕಿದ್ದ ಫೋನು ಸತ್ತು ಗೋಡೆಗೆ ಜೋತಾಡುತ್ತಿತ್ತು.

ಅಂಗಳ ದಾಟುವುದರೊಳಗೆ ಎದುರುಮನೆಯ ಸೌಭಾಗ್ಯ ಕಸಬರಿಗೆ ಹಿಡಿದು ಅಡ್ಡ ಬಂದಳು. ಓಣಿಯಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಕಡಿಮೆಯಾಯಿತೆಂಬುದೂ ಅವಳಿಗೆ ಗೊತ್ತಿರಬೇಕು.

"ಏನ್ ಬಸಲಿಂಗಣ್ಣ, ಕೂಸಿನಂಗ ಅಪ್ಪಿಕೊಂಡು ಹೊಂಟೀರಿ. ಏನೈತಿ ಡಬ್ಬ್ಯಾಗ?"

ಹೆಂಡತಿಯ ಹಾಲು ಎಂದು ಓಣಿಯಲ್ಲಿ ನಿಂತು ಹೇಳುವ ಧೈರ್ಯ ಯಾವ ಗಂಡಸಿಗಿದೆ? ಅವಳ ಕಾಲ ಬಳಿ ಕೋಳಿಗಳು ಕೆದಕುತ್ತಿದ್ದವು. ಅವನ ಬಾಯಿಗೆ ಅದೇ ಬಂತು.

"ಕೋಳಿ ಲಸಿಕೆರಿ ಅಕ್ಕಾರ. ಮೂಗಿನ್ಯಾಗ ಹಾಕೋ ಹನಿ. ತಂಪಿನ್ಯಾಗ ಇಡಬೇಕಂತ, ಐಸ್ ಹುಡ್ಕಾಕ ಹೊಂಟೀನಿ."

"ನಿಮಗ್ಯಾಕ ಬಂತು ಅದು?"

"ಸಾಲಿಯಿಂದ ಪುಕ್ಕಟ ಕೊಟ್ಟಾರ್ರಿ," ಎಂದುಬಿಟ್ಟು ಅವನು ಮೂಲೆ ತಿರುಗಿದ. ಹೈಸ್ಕೂಲಿಗೂ ಕೋಳಿಗೂ ಏನು ಸಂಬಂಧವೆಂದು ಅವಳು ಕೇಳಲಿಲ್ಲ. ಪುಕ್ಕಟೆ ಎಂದು ಕೇಳಿದ ಮೇಲೆ ಅವಳು ಸಂಬಂಧ ಹುಡುಕುವವಳಲ್ಲ.

ಪೇಟೆಯಲ್ಲೂ ಕರೆಂಟು ಇರಲಿಲ್ಲ. ಐಸ್‌ಕ್ರೀಂ ಅಂಗಡಿಯವನು ತನ್ನದೇ ಕರಗುತ್ತಿದೆಯೆಂದು ತಲೆಗೆ ಕೈ ಹಚ್ಚಿ ಕುಳಿತಿದ್ದ. ಔಷಧಿ ಅಂಗಡಿಯವನು ಫ್ರಿಜ್ಜಿನ ಬಾಗಿಲನ್ನು ಯಾರಿಗೂ ತೆಗೆಯುವುದಿಲ್ಲ ಎಂದ. ಬಿಸಿಲು ಏರತೊಡಗಿತು. ಟವೆಲ್ಲಿನಿಂದ ನೀರು ಇಳಿದು ಬಸಲಿಂಗನ ಅಂಗಿಯ ಮುಂಭಾಗ ತೊಯ್ದಿತು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಗಂಟೆಯ ಸದ್ದು ಕೇಳಿತು.

ಆ ಗಂಟೆಯನ್ನು ಅವನು ನಿದ್ದೆಯಲ್ಲೂ ಗುರುತಿಸುತ್ತಿದ್ದ. ಅದು ಲಾಡ್ಲೇಸಾಬನ ಕುಲ್ಫಿ ಗಾಡಿ. ಚಿಕ್ಕವನಿದ್ದಾಗ ಜಾರುವ ಚೊಣ್ಣ ಮೇಲಕ್ಕೆ ಎಳೆದುಕೊಳ್ಳುತ್ತ ಆ ಮೂರು ಗಾಲಿಯ ಸೈಕಲ್ಲಿನ ಹಿಂದೆ ಓಡದ ಬೇಸಿಗೆಯೇ ಇರಲಿಲ್ಲ. ದೊಡ್ಡ ಪೆಟ್ಟಿಗೆ, ಅದರಲ್ಲಿ ಐಸು, ಐಸಿನ ಮೇಲೆ ಹರಳುಪ್ಪು, ಉಪ್ಪಿನೊಳಗೆ ಹುಗಿದಿಟ್ಟ ಕುಲ್ಫಿಯ ಅಚ್ಚುಗಳು. ಆ ಪೆಟ್ಟಿಗೆಗೆ ಕರೆಂಟು ಅಂದೂ ಬೇಕಿರಲಿಲ್ಲ, ಇಂದೂ ಬೇಕಿರಲಿಲ್ಲ. ಮುದುಕನ ಗಡ್ಡ ಬೆಳ್ಳಗಾಗಿತ್ತು, ಅಷ್ಟೇ.

"ಚಾಚಾ, ಇದನ್ನ ನಿನ್ನ ಐಸ್‌ನ್ಯಾಗ ಇಡು. ನಿನ್ನ ಕಾಲ್ ಬೀಳ್ತೀನಿ."

"ಏನದು ಬೇಟಾ?"

ಲಾಡ್ಲೇಸಾಬನಿಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ. ಬಸಲಿಂಗ ಅವನ ಕಿವಿಯಲ್ಲಿ ಹೇಳಿದ. ಮುದುಕ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ.

"ಅಮ್ಮನ ಹಾಲು. ನನ್ನ ಪೆಟ್ಟಿಗಿಗೆ ಇವತ್ತ ಬರ್ಕತ್ ಬಂತು, ಅಲ್ಲಾನ ದಯಾ," ಎಂದು ಐಸಿನ ನಡುವೆ ಹುಗಿದಿಟ್ಟ.

ಬಸಲಿಂಗ ಗಾಡಿಯ ಪಕ್ಕ ಕಾವಲು ಕುಳಿತ. ಕಣ್ಣ ಮುಂದೆಯೇ ಕುಲ್ಫಿಗಳು ಒಂದೊಂದಾಗಿ ಅಚ್ಚಿನಿಂದ ಇಳಿದು ಮಂದಿಯ ಬಾಯಿ ಸೇರುತ್ತಿದ್ದವು. ಲಾಡ್ಲೇಸಾಬ ಒಂದನ್ನು ಅವನ ಮುಂದೆ ಹಿಡಿದ. "ಸಣ್ಣವಿದ್ದಾಗ ಕಡ್ಡಿನೂ ಬಿಡ್ತಿದ್ದಿಲ್ಲ ನೀನು. ತಗೋ."

"ಬ್ಯಾಡ ಚಾಚಾ. ಮಾತು ಕೊಟ್ಟೀನಿ," ಎಂದು ಬಸಲಿಂಗ ಮುಖ ಅತ್ತ ತಿರುಗಿಸಿದ. ಯಾಲಕ್ಕಿಯ ವಾಸನೆ ಮುಖದ ಜೊತೆ ತಿರುಗಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬುಟ್ಟಿ ಹೊತ್ತ ಹೆಂಗಸರ ಒಂದು ಗುಂಪು ಬಸ್‌ಸ್ಟ್ಯಾಂಡಿಗೆ ಬಂತು. ಮುಂದೆ ಸೌಭಾಗ್ಯ. ಬುಟ್ಟಿಗಳಿಂದ ಕೋಳಿಗಳು ಕತ್ತು ಹೊರಹಾಕಿದ್ದವು.

"ಐಸ್ ಇದ್ದಲ್ಲಿ ನೀವು ಇರ್ತೀರಿ ಅಂತ ಗೊತ್ತಿತ್ರಿ ಬಸಲಿಂಗಣ್ಣ. ಹಾಕ್ರಿ ಹನಿ. ನಮ್ಮ ಅಬ್ಬೆತುಮಕೂರಿನ ಅಕ್ಕನ ಕೋಳಿನೂ ತಂದೀನಿ."

ಇಲ್ಲವೆಂದರೆ ಡಬ್ಬಿ ತೆರೆಸುತ್ತಾರೆ. ತೆರೆದರೆ ತಂಪು ಹೋಗುತ್ತದೆ, ಮಾನವೂ ಹೋಗುತ್ತದೆ. ಬಸಲಿಂಗ ಪೆಟ್ಟಿಗೆಗೆ ಕೈ ಹಾಕಿ, ಒಂದು ಐಸ್ ತುಂಡು ತೆಗೆದು, ಅದು ಕರಗಿದ ನೀರನ್ನೇ ಚಮಚದಲ್ಲಿ ಹಿಡಿದು, ದೊಡ್ಡ ವೈದ್ಯನಂತೆ ಗಂಟಲು ಸರಿಮಾಡಿಕೊಂಡ. ಒಂದೊಂದೇ ಕೋಳಿಯ ಮೂಗಿಗೆ ಒಂದೊಂದು ಹನಿ ಬಿಟ್ಟ. ಕೋಳಿಗಳು ಸೀನಿದವು. "ಔಷಧ ಹತ್ತಿತು ನೋಡ್ರಿ," ಎಂದು ಹೆಂಗಸರು ತಲೆದೂಗಿದರು. ಲಾಡ್ಲೇಸಾಬ ಗಡ್ಡದೊಳಗೇ ನಗುತ್ತಿದ್ದ.

ಸೌಭಾಗ್ಯಳ ಕೆಂಪು ಹುಂಜಕ್ಕೆ ಮಾತ್ರ ತಣ್ಣೀರು ಸರಿಹೋಗಲಿಲ್ಲ. ಅದು ಬಸಲಿಂಗನ ಕೈಯನ್ನು ಕುಕ್ಕಿ, ಹೆಗಲ ಮೇಲಿಂದ ಹಾರಿ, ನಿಂತಿದ್ದ ಸುರಪುರದ ಬಸ್ಸಿನ ಕಿಟಕಿಯೊಳಗೆ ನುಗ್ಗಿತು. ಅವನು ಬೆನ್ನು ಹತ್ತುವುದರೊಳಗೆ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು, ಹುಂಜವೂ ಹೋಯಿತು.

ಸೌಭಾಗ್ಯ ಬಾಯಿ ತೆರೆಯುವ ಮೊದಲೇ ಓಣಿಯ ಆಟೋದ ಕಾಂತೇಶ ತುಂಬಿದ ಆಟೋ ನಿಲ್ಲಿಸಿ ತಲೆ ಹೊರಹಾಕಿದ.

"ಎಲ್ಲೆಲ್ಲಿ ಹುಡ್ಕೋದು ನಿನ್ನ? ನೀ ಹೋದ ಮ್ಯಾಲ ಸರಿತಾ ವೈನಿಗೆ ಬ್ಯಾನಿ ಸುರು ಆದ್ವು. ದವಾಖಾನಿಗೆ ಬಿಟ್ಟು ಬಂದೀನಿ. ಮೊದಲು ಹೋಗು."

ಹಾಲು ಇಲ್ಲಿ, ಕೂಸು ಅಲ್ಲಿ. ತಾನೇ ಕೂಸಿನ ಬಾಯಿಂದ ಕಸಿದುಕೊಂಡು ಬಂದೆನೇ ಎಂದು ಬಸಲಿಂಗನ ಕಣ್ಣು ತುಂಬಿ ಬಂತು. "ಹತ್ತು ಬೇಟಾ," ಎಂದ ಲಾಡ್ಲೇಸಾಬ. ಬಸಲಿಂಗ ಪೆಟ್ಟಿಗೆಯ ಮೇಲೆ ಕುಳಿತ, ಮುದುಕ ಪೆಡಲು ತುಳಿದ. ಏರಿನಲ್ಲಿ ಬಸಲಿಂಗ ಇಳಿದು ನೂಕಿದ. ಒಂದು ಕಾಲದಲ್ಲಿ ಈ ಗಾಡಿಯ ಹಿಂದೆ ಕುಲ್ಫಿಗಾಗಿ ಓಡಿದವನು ಇಂದು ಅದೇ ಗಾಡಿಯನ್ನು ತನ್ನ ಕೂಸಿಗಾಗಿ ನೂಕುತ್ತಿದ್ದ.

ದವಾಖಾನೆಯ ಪಡಸಾಲೆಯಲ್ಲಿ ಮಮ್ತಾಜ ಎದುರಾದಳು. ಬಸಲಿಂಗ ಡಬ್ಬಿಯನ್ನು ಅವಳ ಮುಂದೆ ಹಿಡಿದ.

"ಹೆಣ್ಣು ಕೂಸ್ರಿ," ಎಂದಳು ಮಮ್ತಾಜ. "ಸಕ್ಕರಿ ಸ್ವಲ್ಪ ಇಳಿದಿತ್ತು. ತಾಯಿ ಹಾಲು ಕುಡಿಸಿದ ಮ್ಯಾಲ ಸರಿಹೋತು. ಈಗ ಮಕ್ಕೊಂಡಾಳ."

"ಯಾವ ಹಾಲು? ಹಾಲು ಇಲ್ಲೈತಲ್ರಿ."

"ನಿಮ್ಮವ್ವ ನಿನ್ನಿ ಸಂಜಿಕೇ ತಂದು ನಮ್ಮ ಫ್ರಿಜ್‌ನ್ಯಾಗ ಇಟ್ಟು ಹೋಗ್ಯಾರಲ್ರಿ. ಇಲ್ಲಿ ಜನರೇಟರ್ ಐತಿ ಅಂತ."

ದವಾಖಾನೆಯ ಜನರೇಟರ್ ದಿನವೆಲ್ಲ ಬಸಲಿಂಗನ ತಲೆಗೇ ಹೊಳೆದಿರಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಕರೆಮ್ಮನನ್ನು ಅವನು ಆಗ ನೋಡಿದ.

"ಲೈನ್ ಬಂದ್ ಅಂತ ನಿನ್ನಿ ಒದರಿಕೊಂಡು ಹೋದ್ರು," ಎಂದಳು ಅವಳು ಮಗನ ಮುಖ ನೋಡದೆ. "ನಿನಗ ಹೇಳಿದ್ರ ಡಬ್ಬಿ ಯಾಕ ಮುಟ್ಟಿದಿ ಅಂತ ಜಗಳಕ್ಕ ಬರ್ತಿದ್ದಿ. ನೀ ಹುಟ್ಟಿದಾಗ ನಮ್ಮತ್ತಿ ಮಾತು ಕೇಳಿ ನಿನ್ನ ಪಾಲಿನ ಹಾಲು ಬೇವಿನ ಬುಡಕ್ಕ ಚೆಲ್ಲೀನಿ. ಸಕ್ಕರಿ ನೀರು ಕುಡುದು ನೀ ಹಗಲು ರಾತ್ರಿ ಅಳ್ತಿದ್ದಿ. ಆ ಹಾಲು ಕೆಟ್ಟದ್ದಲ್ಲ ಅಂತ ಡಾಕ್ಟರಮ್ಮ ನನಗೂ ಹೇಳಿದ ಮ್ಯಾಲ ಆ ಅಳು ಮತ್ತ ಕಿವ್ಯಾಗ ಬರಾಕತ್ತಿತ್ತು. ಮೊಮ್ಮಗಳದ್ದೂ ಚೆಲ್ಲಾಕ ಬಿಡ್ತೀನೇನು?"

ಬಸಲಿಂಗ ಅವಳ ಪಕ್ಕ ಕುಸಿದು ಕುಳಿತ. ತಾಯಿಯನ್ನು ನಂಬದೇ ಇದ್ದದ್ದಕ್ಕೆ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಕೈಯಲ್ಲಿದ್ದ ಡಬ್ಬಿ ತೋರಿಸಿ ಕೇಳಿದ: "ಹಂಗಾದ್ರ ಇದರಾಗ ಏನೈತವ್ವ?"

"ಗಿಣ್ಣ. ನಿನ್ನಿ ನೀ ಆಫೀಸಿಗೆ ಹೋದ ಮ್ಯಾಲ ನಾ ಮೌನಪ್ಪನ್ನ ಕರದು ಹಾಲು ಇಸ್ಕೊಂಡೆ. ನಿನಗಂತನ ಮಾಡೀನಿ. ಸರಿತಾ ಕಣ್ಣಿಗೆ ಬೀಳಬಾರದಂತ ಹಾಲು ತಗದ ಖಾಲಿ ಡಬ್ಬ್ಯಾಗ ಹಾಕಿಟ್ಟಿದ್ದೆ."

ಮುಚ್ಚಳ ತೆರೆದರು. ಹಳೆಯ ಕಾಲದ ವಾಸನೆ ಪಡಸಾಲೆಯ ತುಂಬ ಹರಡಿತು. ಮಮ್ತಾಜ ಒಂದು ತುಂಡು ತೆಗೆದುಕೊಂಡಳು, ಲಾಡ್ಲೇಸಾಬ ಎರಡು. ಹುಂಜದ ಲೆಕ್ಕ ಕೇಳಲು ಬೆನ್ನಟ್ಟಿ ಬಂದಿದ್ದ ಸೌಭಾಗ್ಯ, ಲಸಿಕೆ ಎಲ್ಲಿ ಹೋಯಿತೆಂದು ಕೇಳುವುದನ್ನೂ ಮರೆತು, ತನ್ನ ಗುಂಪಿಗೆಲ್ಲ ಹಂಚಿದಳು. ಕೊನೆಯ ತುಂಡನ್ನು ಕರೆಮ್ಮ ಮಗನ ಅಂಗೈಗೆ ಇಟ್ಟಳು. ಕೂಸು ಹುಟ್ಟಿತ್ತು, ಕೊಟ್ಟ ಮಾತು ತೀರಿತ್ತು. ಅವನು ಅದನ್ನು ತುಟಿಯ ಹತ್ತಿರ ತಂದ.

ಒಳಗಿನಿಂದ ಸರಿತಾಳ ದಣಿದ ದನಿ ಬಂತು. "ಅತ್ತೀ, ಗಿಣ್ಣದ ವಾಸನಿ ಬರಾಕತ್ತದಲ್ರಿ. ನನಗ ಯಾರೂ ಕೊಡೂದಿಲ್ಲೇನು?"

ಅವಳ ಬಳಿಯಿದ್ದ ಡಾಕ್ಟರಮ್ಮ ಒಂದು ಚೂರಾದರೆ ಪರವಾಗಿಲ್ಲ ಎಂದರು. ಬಸಲಿಂಗ ಒಳಗೆ ಹೋಗಿ ಆ ತುಂಡನ್ನು ಹೆಂಡತಿಯ ಬಾಯಿಗೆ ಇಟ್ಟು, ಮಗಳ ಮುಖ ಕಣ್ತುಂಬ ನೋಡಿ, ಬೆರಳು ನೆಕ್ಕಿಕೊಳ್ಳುತ್ತ ಹೊರಬಂದ. ಬೆರಳಿಗೆ ಹುಂಜ ಕುಕ್ಕಿದ ಗಾಯದ ಉಪ್ಪು ರುಚಿ ಮಾತ್ರ ಇತ್ತು.

ಮರುದಿನ ಮುಂಜಾನೆ ಹೊಸದಾಗಿ ತಂದೆಯಾದ ಬಸಲಿಂಗ ಸುರಪುರದ ಬಸ್ಸಿನಲ್ಲಿ ಕುಳಿತಿದ್ದ. ಮಡಿಲಲ್ಲಿ ಅದೇ ಸ್ಟೀಲ್ ಡಬ್ಬಿ ಇತ್ತು. ಪಕ್ಕದವನು ಇದರಲ್ಲೇನಿದೆ ಎಂದು ಕೇಳಿದಾಗ, ಈ ಸಲ ಅವನು ನಿಜವನ್ನೇ ಹೇಳಿದ.

"ಜೋಳರಿ. ಒಂದು ಹುಂಜ ಕರಕೊಂಡು ಬರೋದೈತಿ."

ಪಕ್ಕದವನು ನಂಬಲಿಲ್ಲ.