ಹಾಯಿದೋಣಿಯಲ್ಲಿ ಮುತ್ಯಾನ ಹಾಸಿಗೆ

ಸಮುದ್ರವಿಲ್ಲದ ಊರಿನಲ್ಲಿ ಹಾಯಿದೋಣಿ ಕಟ್ಟಿಸಬಾರದೆಂದು ಯಾವ ಕಾನೂನಿನಲ್ಲಿದೆ? ಶಹಾಬಾದಿನಲ್ಲಿ ಈ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಕ್ಕಿದ್ದಾರೆ, ಅಷ್ಟೆ.

ನಾನು ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತ. ಮೈಸೂರು ರಾಜ್ಯ ಕರ್ನಾಟಕವಾದ ಮರುವರ್ಷ, ರೈಲಿನಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯೊಂದು ನನ್ನ ಕೈಸೇರಿತು. ಅದರಲ್ಲಿ ಬಿಳಿಯರ ಸಂಸಾರವೊಂದು ಹಾಯಿದೋಣಿಯಲ್ಲೇ ಮನೆ ಹೂಡಿತ್ತು. ಗಂಡ ಚುಕ್ಕಾಣಿ ಹಿಡಿದಿದ್ದ, ಹೆಂಡತಿ ನಗುತ್ತಿದ್ದಳು (ನಾನು ಏನು ಹಿಡಿದರೂ ನನ್ನವಳು ನಕ್ಕಿದ್ದಿಲ್ಲ). ಅವರ ಕೂಸು ಬಲೆ ಬಿಗಿದ ಕಟಕಟೆಯೊಳಗೆ ಆಡುತ್ತಿತ್ತು. ನಮ್ಮ ಭಂಕೂರಿನ ಹತ್ತಿರ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ ಮಳೆಗೆ ತುಂಬಿ ನಿಂತಿತ್ತು. ರಾಜ್ಯವೇ ಹೆಸರು ಬದಲಿಸಿಕೊಂಡಿರುವಾಗ ಒಂದು ಖಣಿ ಸಮುದ್ರವಾಗಬಾರದೇ?

ಹೆಂಡತಿ ಶಿವಕಾಂತಮ್ಮನ ಮುಂದೆ ಪತ್ರಿಕೆ ಹರಡಿದೆ.

"ಹಾಯಿದೋಣಿ ಅಂದ್ರ?" ಎಂದಳು. "ಎಮ್ಮಿ ಹಾಯ್ತದ, ಹೋರಿ ಹಾಯ್ತದ. ದೋಣಿನೂ ಹಾಯ್ತದೇನ್ರಿ?"

"ಅಯ್ಯ, ಆ ಹಾಯೋದಲ್ಲ! ಬಟ್ಟಿ ಹಾಯಿ. ಗಾಳಿ ಬಂದ್ರ ದೋಣಿ ತಾನೇ ಹೋಗ್ತದ. ನಾವು ಹಾಯಾಗಿ ಕುಂದ್ರೋದು."

"ನೀವು ಹಾಯಾಗಿ ಕುಂದ್ರಲಿಕ್ಕೆ ಮನ್ಯಾಗ ಜಾಗ ಸಾಲವಲ್ದೇನು?" ಎಂದವಳು, ನನ್ನ ಮುಖ ಬಾಡಿದ್ದು ಕಂಡು ಕರಾರು ಹಾಕಿದಳು. "ದೋಣ್ಯಾಗ ಕೂಸಿಗಿ ಮಲಗಾಕ, ಆಡಾಕ ಭದ್ರ ಜಾಗ ಮಾಡ್ರಿ. ನಾ ನೋಡ್ತೀನಿ. ಚಲೋ ಇದ್ರ ನಾವೂ ಕುಂದ್ರತೀವಿ. ಇಲ್ಲಾಂದ್ರ ಪಂಚಮಿ ಉಂಡಿ ಮಾಡಾಕ ನಿಮ್ಮ ದೋಣಿನೇ ಒಲಿಗಿ ಹಾಕ್ತೀನಿ."

ಹೀಗೆ ನನ್ನ ನೌಕಾಯಾನದ ಭವಿಷ್ಯವೆಲ್ಲ ಒಂದು ಕೂಸಿನ ಹಾಸಿಗೆಗೆ ಗಂಟುಬಿತ್ತು.

ಆ ಕೂಸಿನ ವಿಷಯ ಹೇಳಬೇಕು. ಮಗನಿಗೆ ಶಿವಕಾಂತಮ್ಮ ತನ್ನ ತೀರಿಹೋದ ಅಜ್ಜನ ಹೆಸರಿಟ್ಟಿದ್ದಳು. ಹಿರಿಯರ ಹೆಸರು ಹಿಡಿದು ಗದರುವುದು ಹೇಗೆ? ಹಾಗಾಗಿ ಅವನು ಮನೆಯಲ್ಲಿ 'ಮುತ್ಯಾ', ಎಂದರೆ ಅಜ್ಜ. ಆಗಷ್ಟೇ ವರ್ಷ ತುಂಬಿದ ಅಜ್ಜ. ಪಕ್ಕದ ಮನೆಯ ಅಮೀರ್ಬೀ ದಿನಾ ಗೋಡೆಯಾಚೆಯಿಂದ "ಮುತ್ಯಾ ಮಲಗ್ಯಾನೇನ್ರಿ?" ಎಂದು ಕೇಳುವಳು. ಮಲಗಿದ್ದರೆ ಮಾತಿಗೆ ಬರುವಳು.

ಭಂಕೂರಿನ ಬಡಗಿ ಖಾಜಾಮಿಯಾ ನನ್ನ ಹಳೆಯ ಗೆಳೆಯ. ದೋಣಿಯ ಒಡಲು ಆಗಲೇ ಸಿದ್ಧಮಾಡಿದ್ದ. ಪತ್ರಿಕೆಯನ್ನು ಮಾತ್ರ ಶಿವಕಾಂತಮ್ಮ ಅಷ್ಟರಲ್ಲಿ ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿಬಿಟ್ಟಿದ್ದಳು. ಬಾಯಿಮಾತಲ್ಲೇ ವಿವರಿಸಿದೆ.

"ಖಾಜಾಭಾಯ್, ದೋಣ್ಯಾಗ ನಮ್ಮ ಮುತ್ಯಾಗ ಒಂದು ಹಾಸಿಗಿ ಆಗ್ಬೇಕು. ಸುತ್ತ ಬಲಿ ಕಟ್ಟು. ಕಣ್ಣು ತಪ್ಪಿಸಿ ಓಡ್ತಾನ."

"ಹೌದೇನ್ರಿ ಬಾಬು?" ಖಾಜಾಮಿಯಾ ಉಳಿ ಕೆಳಗಿಟ್ಟ. "ಓಡ್ತಾನಾ?"

"ಓಡೋದೇನು, ಎದುರಿಗಿ ಬಂದವರಿಗಿ ಕಚ್ಚತಾನ. ಬಾಯಾಗ ಇರೋವೇ ನಾಕು ಹಲ್ಲು! ನಡಕ್ಕ ಒಂದು ಪಟ್ಟಾ ಇರಲಿ, ಕಂಬಕ್ಕ ಕಟ್ಟೋದು. ಹಾಸಿಗಿ ಒದ್ದಿ ಮಾಡ್ತಾನ, ಅದಕ್ಕ ಕೆಳಗ ತೂತು ಇಡು."

"ತೋಬಾ ತೋಬಾ. ನಿಮ್ಮ ಲಗ್ನದಾಗ ನೋಡಿದ್ದೆ, ಚಲೋ ಇದ್ದನಲ್ರಿ!"

ನನ್ನ ಲಗ್ನದಲ್ಲಿ ನನ್ನ ಮಗನನ್ನು ಹೇಗೆ ನೋಡಿದ ಎಂದು ನಾನು ಕೇಳಬೇಕಾಗಿತ್ತು. ಆದರೆ ನನ್ನ ತಲೆಯಲ್ಲಿ ಆಗ ಬರಿಯ ಗಾಳಿ, ಹಾಯಿ. "ಆಡಾಕ ಏನಾರ ಸಾಮಾನೂ ಇಡು" ಎಂದು ಹೇಳಿ ಬಂದುಬಿಟ್ಟೆ.

ಪಂಚಮಿ ಹತ್ತಿರ ಬಂತು. ಮಗಳನ್ನು ತವರಿಗೆ ಕರೆದೊಯ್ಯಲು ಸೇಡಂನಿಂದ ಮಾವನವರು ಬಂದರು. ಅಂಬಾರಾಯರು ಎಂದರೆ ಬಾಗಿಲಲ್ಲಿ ಬಗ್ಗಿಯೇ ಬರಬೇಕಾದ ಆಳು. ಹಲ್ಲು ನಾಲ್ಕೇ ಉಳಿದಿದ್ದರೂ ಸಿಟ್ಟು ಪೂರ್ತಿ ಉಳಿದಿತ್ತು. ಹೊರಡುವ ಮೊದಲು ಅಳಿಯನ ಪ್ರತಾಪ ನೋಡಲೆಂದು ಎಲ್ಲರನ್ನೂ ಖಣಿಗೆ ಕರೆದೊಯ್ದೆ. ಅಮೀರ್ಬೀಯೂ ಬಂದಳು.

ದೋಣಿ ದಡದಲ್ಲಿ ತೇಲುತ್ತಿತ್ತು. ನನ್ನ ಎರಡು ಧೋತರ ಜೋಡಿಸಿದ ಹಾಯಿ ಪಟಪಟ ಎನ್ನುತ್ತಿತ್ತು. ಅದರ ಬುಡದಲ್ಲಿ ಕೂಸಿನ ಹಾಸಿಗೆ. ಕೂಸಿನ ಹಾಸಿಗೆಯೇ? ಆರಡಿ ಉದ್ದದ ಮಂಚ! ಸುತ್ತ ಎದೆಮಟ್ಟದ ಬಲೆ, ಹೋರಿಗೆ ಸಾಲುವಂಥ ಚರ್ಮದ ಪಟ್ಟಾ. ಆಟದ ಸಾಮಾನೆಂದು ಒಂದು ಚೌಕಾಬಾರದ ಮಣೆ, ತಂಬಾಕದ ಚೀಲ, ಉಗುಳಲು ಡಬ್ಬಿ.

ಖಾಜಾಮಿಯಾ ಮಾವನವರ ಕೈಹಿಡಿದು ದೋಣಿಗೆ ಹತ್ತಿಸಿಕೊಂಡ. "ಬಾ ಮುತ್ಯಾ, ಹೆದರಬ್ಯಾಡ. ಯಾರಿಗೂ ಕಚ್ಚಬ್ಯಾಡ ಮತ್ತ. ಸಾವಕಾಶ ಮಲಗು."

"ಯಾರಿಗಿ ಕಚ್ಚತೀನೋ ನಾ?"

"ಒದ್ದಿ ಮಾಡಿದ್ರೂ ನಡೀತದ, ಕೆಳಗ ತೂತು ಇಟ್ಟೀನಿ."

ಮಾವನವರ ಮೀಸೆ ಎದ್ದು ನಿಂತಿತು. "ನಾ ಹಾಸಿಗಿ ಒದ್ದಿ ಮಾಡ್ತೀನಂತ ಯಾವ ಮಗ ಹೇಳ್ಯಾನ?"

ಖಾಜಾಮಿಯಾ ಪ್ರಾಮಾಣಿಕ. ಬೆರಳು ನನ್ನ ಕಡೆಗೆ ತೋರಿಸಿದ.

ನಾನು ದೋಣಿಯ ಅಂಚಿನಲ್ಲಿ ನಿಂತು, "ಮಾವಾರ, ಮುತ್ಯಾ ಅಂದ್ರ ನೀವಲ್ರಿ, ನಮ್ಮ ಮುತ್ಯಾ, ಅಂದ್ರ ನಿಮ್ಮ ಮೊಮ್ಮಗ..." ಎನ್ನುವಷ್ಟರಲ್ಲಿ ಗಾಳಿ ಬೀಸಿತು. ಹಾಯಿ ಕಟ್ಟಿದ ಅಡ್ಡ ಬೊಂಬು ಗರ್ರನೆ ತಿರುಗಿ ನನ್ನ ಪಕ್ಕೆಗೆ ಹಾಯಿತು. ನಾನು ನೀರಿಗೆ ಬಿದ್ದೆ.

"ನೋಡ್ದಿರಿಲ್ಲ, ಹಾಯ್ತು!" ಎಂಬ ಹೆಂಡತಿಯ ದನಿ ನೀರೊಳಗೂ ಕೇಳಿಸಿತು.

ನನಗೆ ಈಜು ಬರುವುದಿಲ್ಲ (ಪಾರ್ಸಲ್ ಕಚೇರಿಯಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ). ಜೀವ ಹೋಯಿತೆಂದುಕೊಂಡೆ, ನಿಜವಾಗಿ ಹೆದರಿದೆ. ಆಗ ಖಾಜಾಮಿಯಾ ನೀರಿಗೆ ಹಾರಿದ. ನನ್ನ ನಡುವಿನ ಉಡದಾರ ಹಿಡಿದೆತ್ತಿದ. ಮೇಲಿನಿಂದ ಮಾವನವರು ಕುತ್ತಿಗೆಗೆ ಕೈಹಾಕಿ ದೋಣಿಗೆ ಎಳೆದುಕೊಂಡರು. ಮಂಚದ ಮೇಲೆ ಕೆಡವಿ ಪಟ್ಟಾ ಬಿಗಿದರು. ಶಿವಕಾಂತಮ್ಮ ದೋಣಿ ಹತ್ತಿ ಬಲೆ ಜಗ್ಗಿ ನೋಡಿದಳು, ಗಂಟು ನೋಡಿದಳು. ನನ್ನ ಧೋತರದಿಂದ ಇಳಿದ ನೀರು ತೂತಿನಲ್ಲಿ ಹರಿದುಹೋಗುವುದನ್ನೂ ನೋಡಿದಳು.

"ಜಾಗ ಭದ್ರ ಅದ," ಎಂದು ತೀರ್ಪು ಕೊಟ್ಟಳು. "ಒಲಿಗಿ ಹಾಕೋದು ಬ್ಯಾಡ."

ನನ್ನ ದೋಣಿ ಉಳಿಯಿತು. ಸಂತೋಷಪಡೋಣವೆಂದರೆ ನಡುಕವೇ ನಿಲ್ಲದು. ಅವಳು ತನ್ನ ಸೆರಗಿನಿಂದ ನನ್ನ ತಲೆ ಒರೆಸಿ, ಕೂಸಿಗೆಂದು ತಂದಿದ್ದ ಕೌದಿ ಹೊದಿಸಿ, ಮಂಚದ ಅಂಚಿನಲ್ಲಿ ಕೂತು ಮೆಲ್ಲಗೆ ತಟ್ಟತೊಡಗಿದಳು. ಮಾವನವರು ದಡಕ್ಕಿಳಿದು, ಮೊಮ್ಮಗನನ್ನು ಮುಂದೆ ಕೂರಿಸಿಕೊಂಡು ಚೌಕಾಬಾರ ಹಾಸಿದರು. ಕೂಸು ಕವಡೆ ಕಚ್ಚುತ್ತಿತ್ತು. ದೋಣಿ ಹಿತವಾಗಿ ತೂಗುತ್ತಿತ್ತು, ನನ್ನ ಕಣ್ಣು ಎಳೆಯತೊಡಗಿದವು.

ದಡದಿಂದ ಅಮೀರ್ಬೀ ರೂಢಿಯಂತೆ ಕೂಗಿದಳು. "ಶಿವಕಾಂತಕ್ಕಾ, ಮುತ್ಯಾ ಮಲಗ್ಯಾನೇನ್ರಿ?"

ಶಿವಕಾಂತಮ್ಮ ದಡದ ಕಡೆ ನೋಡಲೂ ಇಲ್ಲ.

"ಈಗರೇ ಮಲಗ್ಯಾನ," ಎಂದಳು. "ಮೆಲ್ಲಕ ಮಾತಾಡ್ರಿ, ಎದ್ದ್ರ ಮತ್ತ ನೀರಿಗಿ ಬೀಳ್ತಾನ."