ಇಲ್ಲದ ಕ್ಲಚ್ಚು

ಯಜ್ಞನಾರಾಯಣನ ಎಡಮಂಡಿ ಕೈಕೊಟ್ಟದ್ದು ಹಲಸೂರು ಮಾರುಕಟ್ಟೆ ಬೀದಿಯಲ್ಲಿ, ಒಂದು ಎಳನೀರಿನ ರಾಶಿಯ ಎದುರು. ಗಾಡಿ ನಿಲ್ಲಿಸಲೆಂದು ಕ್ಲಚ್ ಒತ್ತಿದ. ಕ್ಲಚ್ ಅರ್ಧದವರೆಗೆ ಹೋಯಿತು, ಕಾಲು ಅಲ್ಲಿಂದಾಚೆ ಬರುವುದಿಲ್ಲ ಎಂದಿತು, ಗಾಡಿ ತನ್ನ ಪಾಡಿಗೆ ತಾನು ರಾಶಿಯೊಳಗೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಪಕ್ಕದ ಸೀಟಿನಲ್ಲಿ ಹೆಂಡತಿ ಅಲಮೇಲು ಕೂತಿದ್ದಳು, ಅನಾಹುತವಾದದ್ದು ಅಲ್ಲಿ.

ಗಾಡಿ ಎಂದರೆ ಅವನು ಹರೆಯದಲ್ಲಿ ಮಿಲಿಟರಿ ಹರಾಜಿನಿಂದ ತಂದ ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್ಕು. ಮುಂದೆ ಜೀಪಿನ ಮೂತಿ, ಹಿಂದೆ ತೆರೆದ ತೊಟ್ಟಿ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಜನ ಅವನನ್ನು ತಿರುಗಿ ನೋಡುತ್ತಿದ್ದದ್ದು ಆ ಟ್ರಕ್ಕಿನಲ್ಲಿ ಕೂತಾಗ ಮಾತ್ರ. ಕೆಳಗಿಳಿದರೆ ಅವನು ಕುಂಟುವ ಒಬ್ಬ ಮುದುಕ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದರಿಂದಲೇ ಬಾಯಲ್ಲಿ ಸದಾ ಒಂದು ಕಹಿ ಇರುತ್ತಿತ್ತು.

ಬೈಯಪ್ಪನಹಳ್ಳಿ ಕಡೆಯ ಅವರ ಕಾಲೋನಿಯಲ್ಲಿ ಎದುರು ಮನೆಯ ಮುತ್ತುರಾಜ್ ಆ ಟ್ರಕ್ಕಿನ ಮೇಲೆ ಬಹಳ ದಿನದಿಂದ ಕಣ್ಣು ಹಾಕಿದ್ದ. ಕೆ.ಆರ್. ಪುರದಾಚೆ ಅವನದೊಂದು ಡಾಬಾ ಇತ್ತು.

“ಟೈರ್ ಬಿಚ್ಚಾಕಿ ಸಿಮೆಂಟ್ ಕಟ್ಟೆ ಮೇಲೆ ಕೂರಿಸ್ತೀನಿ ಅಂಕಲ್. ಹಿಂದುಗಡೆ ಫುಲ್ ಸೇವಂತಿಗೆ ಪಾಟು. ಜನ ಕ್ಯೂನಲ್ಲಿ ನಿಂತು ಸೆಲ್ಫಿ ತಗೋತಾರೆ ನೋಡ್ತಿರಿ” ಎಂದು ಅವನು ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಜೀವ ಹೋಗುವ ಮುಂಚೆಯೇ ಅಳತೆ ತೆಗೆಯುವ ಚಟ್ಟ ಕಟ್ಟುವವನ ಹಾಗೆ ಅವನು ಕಾಣುತ್ತಿದ್ದ.

ಎಳನೀರಿನ ಪ್ರಸಂಗದ ರಾತ್ರಿ ಅಲಮೇಲು ತೀರ್ಪು ಕೊಟ್ಟಳು. “ನೋಡಿ, ಕಾಲು ಸರಿಹೋಗ್ಲಿ. ಸರಿಹೋದ ಮೇಲೆ ಗಾಡೀನ ನೀವೇ ಓಡಿಸ್ಕೊಂಡು ಮನೆಗೆ ತನ್ನಿ, ಇಟ್ಕೊಳ್ಳೋಣ. ಆಗ್ಲಿಲ್ವಾ, ಮುತ್ತುರಾಜ್‌ಗೆ ಕೊಟ್ಬಿಡಿ. ಯಾರ್ಯಾರ ಮೇಲೋ ಹತ್ತಿಸಿ ಜೈಲಿಗೆ ಹೋಗೋದು ಬೇಡ.”

ಮಂಡಿಯ ಡಾಕ್ಟರು ಇದು ಸರಿಹೋಗುವ ಪೈಕಿ ಅಲ್ಲ ಎಂದುಬಿಟ್ಟರು. ಆ ಮಾತನ್ನು ಯಜ್ಞನಾರಾಯಣ ಮನೆಗೆ ತರಲಿಲ್ಲ. ಗೇರ್‌ಬಾಕ್ಸ್ ರಿಪೇರಿಯ ನೆಪ ಹೇಳಿ ಟ್ರಕ್ಕನ್ನು ಶಿವಾಜಿನಗರದ ಮೆಕ್ಯಾನಿಕ್ ಸನಾವುಲ್ಲಾನ ಶೆಡ್ಡಿಗೆ ಎಳೆಸಿ, “ಇದಕ್ಕೆ ಆಟೋಮ್ಯಾಟಿಕ್ ಕೂರಿಸು, ಕ್ಲಚ್ಚೇ ಬೇಡ” ಎಂದ. ಕಾಲು ಸರಿಯಾಗದಿದ್ದರೆ ಬೇಡ, ಕಾಲಿನ ಕೆಲಸವನ್ನೇ ತೆಗೆದುಹಾಕುವ ಎಂಬುದು ಅವನ ಲೆಕ್ಕ.

ಸನಾವುಲ್ಲಾ ಗುಜರಿಯಲ್ಲಿ ಜಪ್ಪಯ್ಯ ಅಂದರೂ ಬಿಡದೆ ಹುಡುಕಿ, ಯಾವುದೋ ಫಾರಿನ್ ಕಾರಿನದೊಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದ. ಎಂಜಿನ್ನಿಗೂ ಅದಕ್ಕೂ ಜಾತಕ ಕೂಡಲಿಲ್ಲ. ನಡುವೆ ದಪ್ಪ ಕಬ್ಬಿಣದ ತಟ್ಟೆ ಕೊರೆಸಿ ಕೂಡಿಸಿದ, ಶಾಫ್ಟ್ ಕತ್ತರಿಸಿದ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಫೋರ್ ವೀಲಿನ ಡಬ್ಬಿಯನ್ನು ಹಿಂದಕ್ಕೆ ಸರಿಸಿದ. ತಿಂಗಳುಗಟ್ಟಲೆ ಹಿಡಿಯಿತು. ಅಷ್ಟೂ ದಿನ ಯಜ್ಞನಾರಾಯಣ ಮನೆಯಲ್ಲಿ, ಹಲಸೂರಿನ ಒಬ್ಬ ಪಂಡಿತರ ಹತ್ತಿರ ಮಂಡಿಗೆ ಎಣ್ಣೆ ಹಾಕಿಸಿಕೊಳ್ಳುತ್ತಿದ್ದೇನೆ ಎಂದು ಹೇಳಿಕೊಂಡು ಶೆಡ್ಡಿಗೆ ಹೋಗಿಬರುತ್ತಿದ್ದ. ಬರುವಾಗ ಮೈಗೆ ಗ್ರೀಸಿನ ವಾಸನೆ ಇರುತ್ತಿತ್ತು. ಅಲಮೇಲು ಅದನ್ನು ಔಷಧಿಯದು ಎಂದುಕೊಂಡಳು.

ಕೊನೆಗೆ ಸನಾವುಲ್ಲಾ ಫೋನ್ ಮಾಡಿದ ದಿನ ಯಜ್ಞನಾರಾಯಣ ಕೇಳಿದ ಒಂದು ವಿಷಯಕ್ಕೆ ಅವನು ತಲೆ ಚಚ್ಚಿಕೊಂಡ.

“ಕ್ಲಚ್ ಪೆಡಲ್ ಇರ್ಲಿ ಅಂತೀರಾ? ಅರೆ ಸಾಬ್, ಕ್ಲಚ್ಚೇ ಇಲ್ಲ, ಪೆಡಲ್ ಏನಕ್ಕೆ?”

“ನೋಡೋರಿಗೆ ಕಣಯ್ಯ. ಒಂದು ಸ್ಪ್ರಿಂಗ್ ಹಾಕಿ ಸುಮ್ನೆ ಕೂರಿಸು. ಗೇರ್ ಲಿವರ್‌ಗೂ ಹಳೇ ಗುಂಡೇ ಇರ್ಲಿ.”

“ನಮ್ ಬಾಪ್ ಕಾಲ್ದಿಂದ ಮೆಕ್ಯಾನಿಕ್ ಕೆಲ್ಸ ಮಾಡ್ತಿದೀವಿ. ಇಂಥ ಕೆಲ್ಸ ಮಾಡಿಲ್ಲ” ಎಂದ ಸನಾವುಲ್ಲಾ. ಆದರೆ ಮಾಡಿಕೊಟ್ಟ. ಜೊತೆಗೊಂದು ಎಚ್ಚರಿಕೆ: “ಸಾಬ್, ಒಂದು ನೆನಪಿಟ್ಕೊಳ್ಳಿ. ಎಂಜಿನ್ ಆಫ್ ಆದ್ರೆ ನ್ಯೂಟ್ರಲ್‌ಗೆ ತನ್ನಿ, ಆಮೇಲೆ ಸೆಲ್ಫ್ ಹೊಡೀರಿ. ಇಲ್ದಿದ್ರೆ ಸೆಲ್ಫ್ ತಗೊಳ್ಳಲ್ಲ. ತಳ್ಳಿದ್ರೂ ಸ್ಟಾರ್ಟ್ ಆಗಲ್ಲ, ಹತ್ತು ಕಿಲೋಮೀಟರ್ ತಳ್ಳಿದ್ರೂ ಆಗಲ್ಲ.”

ಗಾಡಿ ತರುವ ದಿನ ಅಲಮೇಲು ಸಾಕ್ಷಿಗೆಂದು ಪಿಳ್ಳಪ್ಪನನ್ನು ಜೊತೆಗೆ ಕಳಿಸಿದಳು. ಪಿಳ್ಳಪ್ಪ ಕಾರ್ಖಾನೆಯಲ್ಲಿ ಅವನ ಜೊತೆಗೇ ದುಡಿದು ನಿವೃತ್ತನಾದ ಗೆಳೆಯ. ಜೀವಮಾನದಲ್ಲಿ ಸ್ಟೀರಿಂಗ್ ಮುಟ್ಟಿದವನಲ್ಲ, ಆದರೆ ಪಕ್ಕದಲ್ಲಿ ಕೂತು ಊರಿನವರ ಗಾಡಿಯನ್ನೆಲ್ಲ ಓಡಿಸಿದವನು.

ಶಿವಾಜಿನಗರದ ಗಲ್ಲಿಯಿಂದ ಹೊರಟಾಗ ಯಜ್ಞನಾರಾಯಣ ಎಡಗಾಲನ್ನು ಸುಳ್ಳು ಪೆಡಲಿನ ಮೇಲಿಟ್ಟು ಆಗಾಗ ಒತ್ತುತ್ತ, ಲಿವರಿನ ಗುಂಡಿನ ಮೇಲೆ ಅಂಗೈ ಮುಚ್ಚಿ ಅಲ್ಲಾಡಿಸುತ್ತ ಬಂದ. ಗಾಡಿ ಬೆಣ್ಣೆಯಲ್ಲಿ ಕೂದಲೆಳೆದಂತೆ ಹೋಗುತ್ತಿತ್ತು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

“ಏನ್ ಗುರು, ಗೇರ್ ಹಾಕಿದ್ದೇ ಗೊತ್ತಾಗಲ್ವಲ್ಲ!” ಎಂದ ಪಿಳ್ಳಪ್ಪ.

“ಕಾಲು ಸರಿಯಾಗಿದೆಯಲ್ಲ, ಅದಕ್ಕೆ.”

ಹಲಸೂರಿಗೆ ಬಂದರು. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತಿದ್ದಾಗ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಸಿರು ದೀಪ ಬಿತ್ತು. ಯಜ್ಞನಾರಾಯಣ ಗಾಬರಿಯಲ್ಲಿ ಕೀಲಿ ತಿರುಗಿಸಿದ. ಗಾಡಿ ಕಮಕ್ ಕಿಮಕ್ ಅನ್ನಲಿಲ್ಲ. ಹಿಂದೆ ಹಾರನ್ನುಗಳು ಶುರುವಾದವು. ಆ ಗದ್ದಲದಲ್ಲಿ ಸನಾವುಲ್ಲಾನ ಎಚ್ಚರಿಕೆ ಅವನ ತಲೆಯಿಂದ ಪೂರಾ ಹಾರಿಹೋಯಿತು.

“ಬ್ಯಾಟ್ರಿ ಹೋಗೈತೆ” ಎಂದು ಪಿಳ್ಳಪ್ಪ ತೀರ್ಮಾನಿಸಿ ಕೆಳಗೆ ಹಾರಿದ. “ಬನ್ರಪ್ಪಾ, ಒಂದು ಕೈ ಹಾಕಿ!”

ಹಲಸೂರಿನಲ್ಲಿ ಗಾಡಿ ತಳ್ಳಲು ಕರೆದರೆ ಸಾಕು, ಊಟ ಬಿಟ್ಟು ಬರುತ್ತಾರೆ. ಆಟೋದವರು, ಹೂವಿನವರು, ಸಿಲಿಂಡರ್ ಹೊರುವವರು, ಮೆಟ್ರೋ ಇಳಿದು ಆಫೀಸಿಗೆ ಹೊರಟ ಟೈ ಕಟ್ಟಿದ ಇಬ್ಬರು, ಎಲ್ಲ ಬಂದು ತೊಟ್ಟಿಗೆ ಕೈ ಹಚ್ಚಿದರು.

“ಸೆಕೆಂಡ್ ಗೇರ್ ಹಾಕಿ ಸಾರ್! ಕ್ಲಚ್ ಹಿಡ್ಕೊಳ್ಳಿ! ನಾವು ಹೇಳ್ದಾಗ ಟಪ್ ಅಂತ ಬಿಡಿ!” ಎಂದು ಆಟೋದವನೊಬ್ಬ ಕೂಗಿದ.

ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ ಎಂಬುದಷ್ಟೇ ಈಗ ಯಜ್ಞನಾರಾಯಣನಿಗೆ ನೆನಪಾಯಿತು. ಹಾಗೆ ಹೇಳಬೇಕಾದರೆ ಏಕೆ ಎಂದೂ ಹೇಳಬೇಕು. ಕಿಟಕಿಯ ಪಕ್ಕದಲ್ಲೇ ಪಿಳ್ಳಪ್ಪ ಓಡುತ್ತಿದ್ದ. ಯಜ್ಞನಾರಾಯಣ ತುಟಿ ಕಚ್ಚಿಕೊಂಡು ಇಲ್ಲದ ಕ್ಲಚ್ಚನ್ನು ಒತ್ತಿ ಹಿಡಿದ.

“ಬಿಡೀ!”

ಬಿಟ್ಟ. ಏನೂ ಆಗಲಿಲ್ಲ. “ಇನ್ನೊಂದ್ ಸಲ! ಬಿಡೀ!” ಮತ್ತೆ ಬಿಟ್ಟ. ಟೈ ಕಟ್ಟಿದವರ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಹೂವಿನವಳೊಬ್ಬಳು “ಪೆಟ್ರೋಲ್ ಐತಾ ಕೇಳ್ರಪ್ಪ ಮೊದ್ಲು” ಎಂದಳು. ತನಗಾಗಿ ಬೆವರು ಸುರಿಸುತ್ತಿರುವ ಈ ಜನಕ್ಕೆಲ್ಲ ತಾನು ಮೋಸ ಮಾಡುತ್ತಿದ್ದೇನೆ ಎಂದು ಅವನ ಮುಖ ಉರಿಯಿತು. ಆದರೂ ಕಾಲು ಒತ್ತುತ್ತಲೇ ಇತ್ತು. ಒಂದೊಂದು ಸಲ ಒತ್ತಿದಾಗಲೂ ಮಂಡಿಯಲ್ಲಿ ಯಾರೋ ಮೊಳೆ ಹೊಡೆದಂತಾಗುತ್ತಿತ್ತು.

“ಕ್ಲಚ್ ಪೂರ್ತಿ ಒತ್ತು ಗುರು! ಜೋರಾಗಿ!” ಎಂದು ಪಿಳ್ಳಪ್ಪ ಅರಚಿದ.

ಅವಮಾನ, ನೋವು, ಸಿಟ್ಟು ಮೂರನ್ನೂ ಸೇರಿಸಿ ಯಜ್ಞನಾರಾಯಣ ಒತ್ತಿದ. ಟಣ್ ಎಂದು ಸ್ಪ್ರಿಂಗ್ ಹಾರಿತು. ಪೆಡಲು ಬುಡಸಮೇತ ಮುರಿದು ಅವನ ಪಾದದ ಕೆಳಗೆ ಬಿತ್ತು.

ಪಿಳ್ಳಪ್ಪ ಇಣುಕಿ ನೋಡಿ ಕಣ್ಣರಳಿಸಿದ. “ಅಯ್ಯಯ್ಯೋ! ಕ್ಲಚ್ಚೇ ಮುರ್ದಾಕ್ಬಿಟ್ಟನಲ್ಲ! ಗೇರಲ್ಲಿ ಐತಾ ಇಲ್ವಾ ಇದು?” ಎಂದು ಕಿಟಕಿಯೊಳಗಿಂದ ಕೈಹಾಕಿ ಲಿವರನ್ನು ಮುಂದಕ್ಕೊಮ್ಮೆ ಗುದ್ದಿದ. ಲಿವರ್ ಹೋಗಿ ನ್ಯೂಟ್ರಲಿನಲ್ಲಿ ಕೂತಿತು. ಯಜ್ಞನಾರಾಯಣ ಸುಮ್ಮನೆ ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು. ತಳ್ಳಿದವರೆಲ್ಲ ತಮ್ಮಿಂದಲೇ ಆಯಿತೆಂದು ಚಪ್ಪಾಳೆ ಹೊಡೆದರು.

ಪಿಳ್ಳಪ್ಪ ಹತ್ತಿ ಕೂತ ಮೇಲೆ ಯಜ್ಞನಾರಾಯಣ ಲಿವರನ್ನು ಹಿಂದಕ್ಕೆಳೆದ. ಕ್ಲಚ್ ಪೆಡಲು ಕೆಳಗೆ ಬಿದ್ದಿರುವಂತೆಯೇ ಗಾಡಿ ಹೊರಟಿತು, ಇಂದಿರಾನಗರದ ಕಡೆಗೆ ವೇಗ ಹಿಡಿಯಿತು. ಪಿಳ್ಳಪ್ಪ ದೇವರನ್ನು ಕಂಡವನಂತೆ ಕೂತಿದ್ದ.

“ಕ್ಲಚ್ ಇಲ್ದೇನೇ ಗೇರ್ ಬದಲಾಯಿಸ್ತಿದೀಯಲ್ಲ ಗುರು! ಹೆಂಗೆ?”

“ಎಂಜಿನ್ ಸದ್ದು ಕೇಳ್ಕೊಂಡು ಹಾಕ್ಬೇಕು ಪಿಳ್ಳಪ್ಪ. ಅಭ್ಯಾಸ” ಎಂದ ಯಜ್ಞನಾರಾಯಣ ನಾಚಿಕೆಯಿಲ್ಲದೆ.

ಪಿಳ್ಳಪ್ಪ ತಡೆಯಲಾರದೆ ಫೋನ್ ತೆಗೆದ. “ಅಲಮೇಲಮ್ಮಾ, ಕಾಲು ಸರಿಹೋಗಿರೋದಲ್ಲ, ಕಬ್ಬಿಣ ಆಗೈತೆ! ಒತ್ತಿದ ಒತ್ತಿಗೆ ಕ್ಲಚ್ಚೇ ಮುರ್ದೋಯ್ತು. ನನ್ ಕಣ್ಣಾರೆ ನೋಡ್ದೆ!”

ಗಾಡಿ ಕಾಲೋನಿಗೆ ತಿರುಗಿದಾಗ ಬೀದಿಯೆಲ್ಲ ಗೇಟಿಗೆ ಬಂದು ನಿಂತಿತ್ತು. ಮುತ್ತುರಾಜ್ ಕೈಯಲ್ಲಿ ಅಳತೆಯ ಟೇಪು ಹಿಡಿದು ಬಂದವನು ಅದನ್ನು ಜೇಬಿಗೆ ತುರುಕಿಕೊಂಡ. ಯಜ್ಞನಾರಾಯಣ ಟ್ರಕ್ಕನ್ನು ಮನೆಯ ಮುಂದೆ ಗೆರೆ ಕೊರೆದಂತೆ ನಿಲ್ಲಿಸಿದ. ಗೆದ್ದಿದ್ದ. ಸೇವಂತಿಗೆ ಪಾಟುಗಳು ಬೇರೆ ಗಾಡಿ ನೋಡಿಕೊಳ್ಳಲಿ.

ಅಲಮೇಲು ಆರತಿ ತಟ್ಟೆ ಹಿಡಿದು ಬಂದಳು. ಆರತಿಯನ್ನು ಟ್ರಕ್ಕಿಗೆ ಎತ್ತಲಿಲ್ಲ, ಗಂಡನ ಕಾಲಿಗೆ ಎತ್ತಿದಳು. ಆಮೇಲೆ ತಟ್ಟೆಯಿಂದ ಹಳದಿ ಬಟ್ಟೆಯ ಒಂದು ಸಣ್ಣ ಗಂಟು ತೆಗೆದು ಅವನ ಅಂಗೈಯಲ್ಲಿಟ್ಟಳು.

“ಏನಿದು?”

“ಮುಡಿಪು. ಎಳನೀರು ರಾಶಿಗೆ ಗುದ್ದಿದ ರಾತ್ರೀನೇ ಕಟ್ಟಿಟ್ಟಿದ್ದೆ. ನಿಮ್ಮ ಕಾಲು ವಾಸಿಯಾದ್ರೆ ನಿಮ್ಮನ್ನ ಬೆಟ್ಟದ ಕೆಳಗಿಂದ ಮೆಟ್ಟಿಲು ಹತ್ತಿಸಿ ಕರ್ಕೊಂಡ್ಬರ್ತೀನಿ ಅಂತ ತಿರುಪತಿ ತಿಮ್ಮಪ್ಪಂಗೆ ಹೇಳ್ಕೊಂಡಿದ್ದೆ.” ಅವಳು ಗಂಟಿನ ಮೇಲೆ ಅವನ ಬೆರಳುಗಳನ್ನು ಮಡಿಸಿದಳು. “ನೀವು ಬಾಯಲ್ಲಿ ಸರಿಹೋಗಿದೆ ಅಂದ್ರೆ ನಂಬೋಕಾಗಲ್ವಲ್ಲ. ಅದಕ್ಕೇ ಗಾಡಿ ಓಡಿಸ್ಕೊಂಡು ಬನ್ನಿ ಅಂದಿದ್ದು. ನನಗೆ ಈ ಗಾಡಿ ಇದ್ರೇನು ಹೋದ್ರೇನು ರೀ. ನಿಮ್ಮ ಕಾಲು ಬೇಕಾಗಿತ್ತು.”

“ಯಾವಾಗ ಹೋಗೋದು?” ಎಂದು ಅವನ ಬಾಯಿಂದ ಹೇಗೋ ಹೊರಟಿತು.

“ನಾಳೇನೇ. ಹರಕೆ ತಡ ಮಾಡಬಾರದು. ಮುತ್ತುರಾಜ್ ಕಾರಲ್ಲಿ ಬಿಡ್ತಾನಂತೆ, ಹೇಗೂ ನಿಮ್ಮ ಕ್ಲಚ್ ಮುರಿದಿದೆ.”

“ನಾನೂ ಜೊತೇಲಿ ಹತ್ತುತೀನಿ ಅಂಕಲ್. ನಿಮ್ಮ ಸ್ಪೀಡಿಗೆ ಬರೋಕಾದ್ರೆ!” ಎಂದ ಮುತ್ತುರಾಜ್.

ಒಂದು ಮಾತು ಸಾಕಿತ್ತು. ಇದಕ್ಕೆ ಕ್ಲಚ್ಚೇ ಇಲ್ಲ ಕಣೇ, ಕಾಲು ಹಾಗೇ ಇದೆ ಎಂದರೆ ಬೆಟ್ಟ ತಪ್ಪುತ್ತಿತ್ತು. ಟ್ರಕ್ಕು ಹೋಗುತ್ತಿತ್ತು. ಹೋಗಲಿ ಎಂದೇ ಯಜ್ಞನಾರಾಯಣ ಮನಸ್ಸು ಗಟ್ಟಿ ಮಾಡಿದ, ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಅಲಮೇಲು ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ನೋಡಿ ನಕ್ಕಳು. ಎಷ್ಟೋ ವರ್ಷದಿಂದ ಅವಳು ಅವನನ್ನು ನೋಡಿ ಹಾಗೆ ನಕ್ಕಿರಲಿಲ್ಲ. ಆ ಮುಖಕ್ಕೆ ಆ ಮಾತು ಹೇಳಲು ಅವನಿಗೆ ಆಗಲಿಲ್ಲ.

“ಬನ್ನಿ, ಒಳಗೆ ಬನ್ನಿ” ಎಂದು ಅವಳು ದಾರಿ ಬಿಟ್ಟಳು.

ಮನೆಯ ಬಾಗಿಲಿಗೆ ಮೂರು ಮೆಟ್ಟಿಲಿದ್ದವು. ಇಡೀ ಬೀದಿ ನೋಡುತ್ತಿತ್ತು. ಯಜ್ಞನಾರಾಯಣ ಕಂಬಿಯ ಕಡೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹಲ್ಲು ಕಚ್ಚಿ, ಎಡಗಾಲನ್ನು ಎತ್ತಿ ಮೊದಲನೆಯದರ ಮೇಲಿಟ್ಟ.

“ಗೋವಿಂದಾ, ಗೋವಿಂದ!” ಎಂದು ಪಿಳ್ಳಪ್ಪ ಹಿಂದಿನಿಂದ ಕೂಗಿದ.

ಇನ್ನೆರಡು ಉಳಿದಿದ್ದವು, ಅದಾದ ಮೇಲೆ ತಿರುಪತಿ.